ಸಾರ್ಟೆಕ್ಸ್ ಬದಲಿಸಬೇಕು: ಯುರೋಪಾ, ಚೀನಾನಾ, ಕೊಯಮತ್ತೂರಾ?

ಗಂಗಾವತಿ_ಗಿರಣಿ
ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರ ಗಂಟೆಗೆ 5 ಟನ್ನಿನ ರೈಸ್ ಮಿಲ್. ಅಪ್ಪ ಕಟ್ಟಿದ್ದು, ಈಗ ನಾನು, ತಮ್ಮ ನೋಡಿಕೊಳ್ಳುತ್ತಿದ್ದೇವೆ. ಸೋನಾ ಮಸೂರಿ ಜಾಸ್ತಿ, ಅದರಲ್ಲೂ ಸ್ಟೀಮ್ (ಭತ್ತಕ್ಕೆ ಹಬೆ ಕೊಟ್ಟು ಮಾಡಿದ ಅಕ್ಕಿ). ನಮ್ಮ ಸಾರ್ಟೆಕ್ಸ್‌ಗೆ (ಅಕ್ಕಿಯಿಂದ ಕಪ್ಪು, ಹಳದಿ ಕಾಳು ಆರಿಸುವ ಮಷಿನ್) 11 ವರ್ಷ ಆಯಿತು. ಹೋದ ಸೀಸನ್‌ನಲ್ಲಿ, ಅಂಗಳದ ತುಂಬ ಭತ್ತ ಬಿದ್ದಿರುವಾಗ, ಒಂದು ಬೋರ್ಡ್ ಸುಟ್ಟು 9 ದಿನ ಮಷಿನ್ ನಿಂತಿತು. ಆ ಬೋರ್ಡ್ ಈಗ ತಯಾರಾಗುವುದೇ ಇಲ್ಲ ಅಂತ ಕಂಪನಿಯವರು ಹೇಳಿದರು (ಹೆಸರು ಬೇಡ ಬಿಡಿ). ಕೊನೆಗೆ ಎಲ್ಲಿಂದಲೋ ಹಳೇ ಬೋರ್ಡ್ ತರಿಸಿ ಹಾಕಿಸಿದೆವು. ಅಷ್ಟರಲ್ಲಿ ಯಶವಂತಪುರದ ವ್ಯಾಪಾರಿ ನಮ್ಮ ಎರಡು ಲೋಡ್ ನೋಡಿ, ಇದು ನಾನ್ ಸಾರ್ಟೆಕ್ಸ್ ಅಲ್ವಾ ಅಂತ ರೇಟು ಇಳಿಸಿಬಿಟ್ಟ.

ಈಗ ಹೊಸದು ತೆಗೆದುಕೊಳ್ಳಬೇಕು. ಮೂರು ಕೊಟೇಷನ್ ಬಂದಿದೆ. ಒಂದು ಯುರೋಪಿನ ಕಂಪನಿಯದು, ಒಂದು ಚೀನಾದ್ದು, ಒಂದು ಕೊಯಮತ್ತೂರಿನದು. ಯುರೋಪಿನದು ಚೀನಾದ್ದಕ್ಕಿಂತ ಹತ್ತಿರಹತ್ತಿರ ದುಪ್ಪಟ್ಟು. ಅಪ್ಪ ಹಳೇ ಕಂಪನಿಯದೇ ಇರಲಿ ಅನ್ನುತ್ತಾರೆ, ತಮ್ಮ ಚೀನಾ ಅನ್ನುತ್ತಾನೆ. ಯಾವ ಮಷಿನ್ ಒಳ್ಳೆಯದು?

ಸ್ಪ್ಯಾನರ್_ಸಾಬ್
ಅಣ್ಣ, ಮೊದಲು ಒಂದು ತಮಾಷೆ. ನೀವು ಸಾರ್ಟೆಕ್ಸ್ ಸಾರ್ಟೆಕ್ಸ್ ಅಂತಿದ್ದೀರಿ. ಅದು ಮಷಿನ್ ಹೆಸರಲ್ಲ, ಕಂಪನಿ ಹೆಸರು. 1947ರಲ್ಲಿ ಲಂಡನ್‌ನಲ್ಲಿ ಶುರುವಾದದ್ದು. 1993ರಲ್ಲಿ ಅದನ್ನು ಸ್ವಿಟ್ಜರ್ಲೆಂಡಿನ ಬ್ಯೂಲರ್ ಕೊಂಡುಕೊಂಡಿತು. ನಮ್ಮ ದೇಶದ ಅಕ್ಕಿ ವ್ಯಾಪಾರದಲ್ಲಿ ಆ ಹೆಸರು ಎಷ್ಟು ಬೇರು ಬಿಟ್ಟಿದೆ ಅಂದರೆ, ಚೀನಾ ಮಷಿನ್‌ನಲ್ಲಿ ಹಾದು ಬಂದ ಅಕ್ಕಿ ಚೀಲದ ಮೇಲೂ ಸಾರ್ಟೆಕ್ಸ್ ಅಂತಲೇ ಅಚ್ಚು ಹಾಕುತ್ತಾರೆ. ಹೆಸರು ಒಬ್ಬರದು, ಮಷಿನ್ ಇನ್ನೊಬ್ಬರದು. ನಮ್ಮಲ್ಲಿ ವನಸ್ಪತಿಗೆ ಡಾಲ್ಡಾ ಅಂದ ಹಾಗೆ.

ಈಗ ನಿಮ್ಮ ಪ್ರಶ್ನೆ. ನಾನು 14 ವರ್ಷ ಕಲರ್ ಸಾರ್ಟರ್ (ಈ ಮಷಿನ್‌ನ ಅಸಲಿ ಹೆಸರು ಅದೇ) ಸರ್ವಿಸ್ ಮಾಡಿದ್ದೇನೆ, ಎರಡು ಕಂಪನಿಯಲ್ಲಿ, ಈಗ ಸ್ವಂತಕ್ಕೆ. ಯಾವ ಮಷಿನ್ ಒಳ್ಳೆಯದು ಅನ್ನುವುದಕ್ಕಿಂತ ಮೊದಲು ಇವನ್ನು ಕೇಳಿ. ಡಿಸೆಂಬರ್‌ನಲ್ಲಿ ರಾತ್ರಿ 11ಕ್ಕೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಅವನು ಎಲ್ಲಿ ಮಲಗಿದ್ದಾನೆ, ಸಿಂಧನೂರಲ್ಲೋ ಚೆನ್ನೈಯಲ್ಲೋ? ಅವನ ಬ್ಯಾಗಿನಲ್ಲಿ ಗಾಳಿ ಊದುವ ವಾಲ್ವ್ ಇದೆಯಾ? ಮಿಕ್ಕಿದ್ದೆಲ್ಲ ಆಮೇಲೆ.

ಪಿಕ್ಸೆಲ್_ಪುಟ್ಟ
ಬೆಂಗಳೂರಿನಲ್ಲಿ ಕ್ಯಾಮೆರಾ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಮಿಲ್ ಬಗ್ಗೆ ಏನೂ ಗೊತ್ತಿಲ್ಲ. ಒಂದು ದಡ್ಡ ಪ್ರಶ್ನೆ. ಈಗ ಮೊಬೈಲಲ್ಲೇ ಹೂವು ತೋರಿಸಿದರೆ ಇದು ಯಾವ ಹೂವು ಅಂತ ಹೇಳುತ್ತದೆ. ಕಪ್ಪು ಅಕ್ಕಿ, ಬಿಳಿ ಅಕ್ಕಿ ಗುರುತು ಹಿಡಿಯೋದು ಅಷ್ಟು ಕಷ್ಟವಾ? ನಾವು ನಾಲ್ಕು ಜನ ಪೀಣ್ಯದಲ್ಲಿ ಒಂದು ಶೆಡ್ ಹಿಡಿದು ಮಾಡಬಾರದಾ? ಇಷ್ಟು ದುಡ್ಡಿಗೆ ಮಾರುತ್ತಾರೆ ಅಂದರೆ ಲಾಭ ಚೆನ್ನಾಗಿಯೇ ಇರಬೇಕಲ್ಲ.

ಲೆಕ್ಕದ_ಮೇಷ್ಟ್ರು
ಪುಟ್ಟ ಅವರೇ, ಒಂದು ಲೆಕ್ಕ ಹಾಕೋಣ. ಸಣ್ಣ ಅಕ್ಕಿ ಸಾವಿರ ಕಾಳಿಗೆ 14 ಗ್ರಾಂ ಅಂತ ಹಿಡಿಯಿರಿ. ಒಂದು ಕೆಜಿಗೆ ಸುಮಾರು 70 ಸಾವಿರ ಕಾಳು. ಗಂಟೆಗೆ 5 ಟನ್ ಅಂದರೆ 35 ಕೋಟಿ ಕಾಳು. ಸೆಕೆಂಡಿಗೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಆ ಅಷ್ಟೂ ಕಾಳು ಇಳಿಜಾರು ತಗಡಿನ ಮೇಲೆ ಜಾರಿ, ಸೆಕೆಂಡಿಗೆ 3–4 ಮೀಟರ್ ವೇಗದಲ್ಲಿ ಕ್ಯಾಮೆರಾ ಮುಂದೆ ಬೀಳುತ್ತದೆ. ಕೆಟ್ಟ ಕಾಳು ಕಂಡರೆ ಗಾಳಿ ಊದಿ ಆಚೆ ತಳ್ಳಬೇಕು. ಕ್ಯಾಮೆರಾ ನೋಡುವ ಜಾಗಕ್ಕೂ ಗಾಳಿ ಊದುವ ಜಾಗಕ್ಕೂ ಒಂದು ಗೇಣು ಇದ್ದರೆ ಹೆಚ್ಚು. ಅಂದರೆ ನೋಡಿ, ತೀರ್ಮಾನ ಮಾಡಿ, ಊದಲು ನಿಮಗೆ ಸಿಗುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಮೊಬೈಲಲ್ಲಿ ಹೂವು ತೋರಿಸಿ ಕಾಯುತ್ತೀರಲ್ಲ, ಅಷ್ಟರಲ್ಲಿ ಇಲ್ಲಿ ಲಕ್ಷಗಟ್ಟಲೆ ಕಾಳು ನೆಲಕ್ಕೆ ಬಿದ್ದಿರುತ್ತದೆ.

ಸ್ಪ್ಯಾನರ್_ಸಾಬ್
ಮೇಷ್ಟ್ರು ಹೇಳಿದ್ದು ಸರಿ. ಆದರೆ ನೋಡುವುದು ನಿಜಕ್ಕೂ ಈಗ ದೊಡ್ಡ ವಿಷಯ ಅಲ್ಲ. ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ, ಎಲ್‌ಇಡಿ ಸಿಗುತ್ತದೆ, ಲೆಕ್ಕ ಮಾಡುವ ಚಿಪ್ ಸಿಗುತ್ತದೆ. ಕಷ್ಟ ಇರುವುದು ಊದುವುದರಲ್ಲಿ. ಒಂದೊಂದು ಚ್ಯೂಟ್‌ಗೆ (ಆ ಇಳಿಜಾರು ತಗಡು) 60ಕ್ಕೂ ಹೆಚ್ಚು ಇಜೆಕ್ಟರ್ (ಗಾಳಿ ಊದುವ ವಾಲ್ವ್), ಐದು ಚ್ಯೂಟ್ ಅಂದರೆ 300ರ ಮೇಲೆ. ಪ್ರತಿಯೊಂದೂ ಒಂದೆರಡು ಮಿಲಿಸೆಕೆಂಡಿನಲ್ಲಿ ತೆರೆದು ಮುಚ್ಚಬೇಕು. ದಿನಕ್ಕೆ ಲಕ್ಷಾಂತರ ಸಲ, ದೂಳಿನಲ್ಲಿ, ಏಪ್ರಿಲ್ ತಿಂಗಳ ರಾಯಚೂರು ಬಿಸಿಲಿನಲ್ಲಿ. ಸ್ವಲ್ಪ ತಡವಾಗಿ ಮುಚ್ಚಿದರೂ ಪಕ್ಕದ ನಾಲ್ಕು ಒಳ್ಳೆ ಕಾಳು ರಿಜೆಕ್ಟ್‌ಗೆ ಹೋಗುತ್ತದೆ. ಕಂಪನಿಗಳು ಬೇರೆಬೇರೆ ಆಗುವುದು ಇಲ್ಲೇ. ಕೆಲವರು ವಾಲ್ವ್ ತಾವೇ ಮಾಡುತ್ತಾರೆ. ಕೆಲವರು ಇಟಲಿಯ ಮ್ಯಾಟ್ರಿಕ್ಸ್‌ನಂಥ ವಾಲ್ವ್ ಕಂಪನಿಯಿಂದ ತರಿಸುತ್ತಾರೆ. ಕೆಲವರು ಅದರ ನಕಲು ಹಾಕುತ್ತಾರೆ. ಬ್ರೋಷರ್‌ನಲ್ಲಿ ಕ್ಯಾಮೆರಾ ಎಷ್ಟು ಪಿಕ್ಸೆಲ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ವಾಲ್ವ್ ಯಾರದು ಅಂತ ಎಲ್ಲೂ ಇರುವುದಿಲ್ಲ.

ಪೀಣ್ಯದಲ್ಲಿ ಶೆಡ್ ಹಿಡಿಯಬಹುದು ತಮ್ಮ, ಬೇಡ ಅನ್ನಲ್ಲ. ಮೊದಲ ಮಷಿನ್ ಮಾಡಿಯೂ ಬಿಡುತ್ತೀಯ. ಹತ್ತನೆಯ ಮಷಿನ್ ಮಾರಿದ ಮೇಲೆ ಕಾರಟಗಿಯಿಂದ ಒಬ್ಬ, ಶಿವಮೊಗ್ಗದಿಂದ ಒಬ್ಬ, ಒಂದೇ ರಾತ್ರಿ ಫೋನ್ ಮಾಡುತ್ತಾರಲ್ಲ, ಆವಾಗ ಗೊತ್ತಾಗುತ್ತದೆ ಇದು ಯಾವ ಧಂದೆ ಅಂತ.

ದಾವಣಗೆರೆ_ಡೀಲರ್
ನಾನು ಚೀನಾ ಮಷಿನ್ ಮಾರುವವನು, ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅನ್ನಬೇಡಿ. ಚೀನಾ ಅಂದರೆ ಅಗ್ಗದ ಮಾಲು ಅನ್ನುವ ಮಾತು ಈ ವಿಷಯದಲ್ಲಿ ಹಳೇದಾಯಿತು. ಅಲ್ಲಿನ ಆನ್ಹುಯಿ ಪ್ರಾಂತ್ಯದ ಹೆಫೆ ಊರು ನೋಡಬೇಕು ನೀವು. ಕಲರ್ ಸಾರ್ಟರ್ ಮಾಡುವ ಕಂಪನಿಗಳು ಒಂದೇ ಊರಲ್ಲಿ ಗುಂಪಾಗಿ ಕೂತಿವೆ. ಕಾರಣ ಇದೆ. ಬೆಳಕು, ಲೆನ್ಸ್ ಬಗ್ಗೆ ಸಂಶೋಧನೆ ಮಾಡುವ ದೊಡ್ಡ ಸರ್ಕಾರಿ ಸಂಸ್ಥೆ ಅಲ್ಲೇ ಇದೆ. ದೇಶದ ಹೆಸರಾಂತ ವಿಜ್ಞಾನ ವಿಶ್ವವಿದ್ಯಾಲಯವನ್ನು 1970ರಲ್ಲಿ ಬೀಜಿಂಗ್‌ನಿಂದ ಅಲ್ಲಿಗೇ ಸಾಗಿಸಿದರು. ಅಲ್ಲಿ ಕಲಿತವರು ಒಂದು ಕಂಪನಿಗೆ ಸೇರುತ್ತಾರೆ, ನಾಲ್ಕು ವರ್ಷಕ್ಕೆ ಹೊರಗೆ ಬಂದು ಎದುರು ಬೀದಿಯಲ್ಲಿ ಇನ್ನೊಂದು ತೆಗೆಯುತ್ತಾರೆ. ತಗಡು ಬಗ್ಗಿಸುವವನು, ವೈಬ್ರೇಟರ್ ಮಾಡುವವನು, ಬೋರ್ಡ್ ಜೋಡಿಸುವವನು ಎಲ್ಲ ಹತ್ತಿರದಲ್ಲೇ ಸಿಗುತ್ತಾರೆ. ಅಲ್ಲಿಯ ಸಾರ್ಟರ್ ಕಂಪನಿ ಮೇಯರ್ 2012ರಲ್ಲಿ ಷೇರು ಮಾರುಕಟ್ಟೆಗೆ ಬಂತು, ತೈಹೆ 2017ರಲ್ಲಿ. ಮೇಯರ್‌ನವರು ಈಗ ಹಲ್ಲಿನ ಡಾಕ್ಟರ ಸ್ಕ್ಯಾನಿಂಗ್ ಮಷಿನ್ ಕೂಡ ಮಾಡುತ್ತಾರೆ. ಅಕ್ಕಿ ನೋಡಿದ ಕಣ್ಣು ಹಲ್ಲು ನೋಡುತ್ತಿದೆ.

ಇನ್ನೊಂದು. ಅವರ ದೇಶದಲ್ಲೇ ಅಷ್ಟು ಅಕ್ಕಿ ಇದೆ, ಮೇಲೆ ಚಹಾ ಇದೆ. ಚಹಾದಲ್ಲಿ ಎಲೆ ಬೇರೆ, ಕಡ್ಡಿ ಬೇರೆ ಮಾಡಬೇಕು, ಅಕ್ಕಿಗಿಂತ ಕಷ್ಟದ ಕೆಲಸ ಅದು. ಮನೆಯೊಳಗೇ ಅಷ್ಟು ಜನ ಗಿರಾಕಿ, ಅಷ್ಟು ಜನ ಸ್ಪರ್ಧಿಗಳು ಇದ್ದರೆ ಬೆಲೆ ತಾನಾಗಿ ಇಳಿಯುತ್ತದೆ. ಅಲ್ಲಿ ಕಾದಾಡಿ ಉಳಿದವರು ನಮ್ಮಲ್ಲಿಗೆ ಬರುತ್ತಾರೆ.

ಸ್ಪ್ಯಾನರ್_ಸಾಬ್
ಡೀಲರ್ ಸಾಹೇಬರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮಷಿನ್ ಚೆನ್ನಾಗಿದೆ, ನಾನೇ ಎಷ್ಟೋ ಕೂರಿಸಿದ್ದೇನೆ. ಆದರೆ 2020ರಿಂದ ಅಲ್ಲಿನ ಎಂಜಿನಿಯರ್‌ಗಳಿಗೆ ವೀಸಾ ಸಿಗುವುದು ಎಷ್ಟು ಕಷ್ಟ ಆಯಿತು ಅದನ್ನೂ ಹೇಳಿ. ಆವಾಗ ಏನಾಯಿತು? ಇಲ್ಲಿ ಗಟ್ಟಿ ಹುಡುಗರನ್ನು ಇಟ್ಟುಕೊಂಡು ಕೆಲಸ ಕಲಿಸಿದ್ದ ಡೀಲರ್‌ಗಳು ಉಳಿದರು. ಬರೀ ಕಂಟೇನರ್ ಇಳಿಸಿಕೊಂಡು ಮಾರುತ್ತಿದ್ದವರ ಗಿರಾಕಿಗಳು ವಿಡಿಯೊ ಕಾಲ್‌ನಲ್ಲಿ ಬೋರ್ಡ್ ತೋರಿಸಿಕೊಂಡು ಕೂತರು. ಒಂದೇ ಬ್ರ್ಯಾಂಡ್, ಒಂದೇ ಮಾಡೆಲ್, ಆ ಜಿಲ್ಲೆಯಲ್ಲಿ ಚೆನ್ನಾಗಿದೆ, ಈ ಜಿಲ್ಲೆಯಲ್ಲಿ ಕೆಟ್ಟ ಹೆಸರು. ನೋಡಬೇಕಾದ್ದು ಡೀಲರ್‌ನನ್ನು.

ದಾವಣಗೆರೆ_ಡೀಲರ್
ಒಪ್ಪಿದೆ. ನಮ್ಮಲ್ಲಿ ಆರು ಹುಡುಗರಿದ್ದಾರೆ ಅಂತ ಮಾತ್ರ ಹೇಳಿ ಸುಮ್ಮನಾಗುತ್ತೇನೆ 🙂

ಕಲಬುರಗಿ_ಬೇಳೆ
ನಮ್ಮದು ದಾಲ್ ಮಿಲ್ರೀ. ಸ್ಪ್ಯಾನರ್ ಸಾಹೇಬರ ಮಾತಿಗೆ ನಮ್ಮ ಕಥೆ ಸೇರಿಸುತ್ತೇನೆ. ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಸಾಲಿನ ಮಿಲ್‌ಗಳಲ್ಲಿ ಹತ್ತಕ್ಕೆ ಏಳರಲ್ಲಿ ಒಂದೇ ಕಂಪನಿ ಸಾರ್ಟರ್ ಇದೆ. ಅದು ಎಲ್ಲಕ್ಕಿಂತ ಒಳ್ಳೆಯದು ಅಂತ ಅಲ್ಲ. ಅದರ ಎಂಜಿನಿಯರ್ ಒಬ್ಬ ಇಲ್ಲಿಯವನನ್ನೇ ಮದುವೆಯಾ— ಕ್ಷಮಿಸಿ, ಇಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಇಲ್ಲೇ ಮನೆ ಮಾಡಿದ 😄 ಅವನು ಇದ್ದಾನೆ ಅಂತ ಮೊದಲ ಮೂವರು ತೆಗೆದುಕೊಂಡರು. ಮೂವರಿದ್ದಾರೆ ಅಂತ ಕಂಪನಿ ಸಣ್ಣ ಸ್ಪೇರ್ ಗೋಡೌನ್ ಇಟ್ಟಿತು. ಗೋಡೌನ್ ಇದೆ ಅಂತ ಉಳಿದವರು ತೆಗೆದುಕೊಂಡರು. ಈಗ ನನ್ನ ಹತ್ತಿರ ಇಜೆಕ್ಟರ್ ಇಲ್ಲದಿದ್ದರೆ ಪಕ್ಕದ ಮಿಲ್‌ನಿಂದ ಕೈಗಡ ತರುತ್ತೇನೆ, ಮುಂದಿನ ವಾರ ವಾಪಸ್ ಕೊಡುತ್ತೇನೆ. ಈ ಅನುಕೂಲ ಬಿಟ್ಟು ಬೇರೆ ಕಂಪನಿಗೆ ಹೋಗಲು ನನಗೆ ಯಾರಾದರೂ ಅರ್ಧ ಬೆಲೆಗೆ ಕೊಡಬೇಕು.

ಅದಕ್ಕೇ ಗಂಗಾವತಿ ಅಣ್ಣಾರ, ಕೊಟೇಷನ್ ಮೂರು ಬಂದಾವ ಅಂದ್ರಿ, ನಿಮ್ಮ ಸುತ್ತ ಹತ್ತು ಕಿಲೋಮೀಟರಿನಲ್ಲಿ ಯಾವ ಮಷಿನ್ ಎಷ್ಟಿವೆ ಅಂತ ಬೈಕ್ ಮೇಲೆ ಹೋಗಿ ಎಣಿಸಿ ಬನ್ನಿ.

ಪಿಕ್ಸೆಲ್_ಪುಟ್ಟ
ಇದು ಮೊಬೈಲ್ ಚಾರ್ಜರ್ ಕಥೆ ಹಾಗೇ ಇದೆ. ಮನೆಯಲ್ಲಿ ಎಲ್ಲರ ಹತ್ತಿರ ಯಾವ ಪಿನ್ ಇದೆಯೋ ಅದೇ ಫೋನ್. ಬೇಳೆಗೆ, ಅಕ್ಕಿಗೆ ಒಂದೇ ಮಷಿನ್ ನಡೆಯುತ್ತಾ?

ಕಲಬುರಗಿ_ಬೇಳೆ
ನಡೆಯುತ್ತದೆ, ಆದರೆ ಪೂರ್ತಿ ಅಲ್ಲ. ತೊಗರಿ ಬೇಳೆಯಲ್ಲಿ ಸಿಪ್ಪೆ ಉಳಿದ ಕಾಳು, ಸುಟ್ಟ ಕಾಳು ಕಲರ್ ಕ್ಯಾಮೆರಾಗೆ ಕಾಣುತ್ತದೆ. ನಮ್ಮ ತಲೆನೋವು ಹಳದಿ ಮಣ್ಣಿನ ಹೆಂಟೆ, ಬೇಳೆ ಬಣ್ಣದ ಕಲ್ಲು. ಕಣ್ಣಿಗೇ ಗೊತ್ತಾಗುವುದಿಲ್ಲ. ಅದಕ್ಕೆ ಕಣ್ಣಿಗೆ ಕಾಣದ ಬೆಳಕು ನೋಡುವ ಇನ್ಫ್ರಾರೆಡ್ ಕ್ಯಾಮೆರಾ ಬೇಕು. ಬಣ್ಣ ಒಂದೇ ಇದ್ದರೂ ಕಲ್ಲು ಬೇರೆ ರೀತಿ, ಬೇಳೆ ಬೇರೆ ರೀತಿ ಆ ಬೆಳಕನ್ನು ಹೀರುತ್ತವೆ. ಅದರ ಸೆನ್ಸರ್ ದುಬಾರಿ, ಮಾಡುವವರೂ ಕಡಿಮೆ, ಜಪಾನಿನ ಹಮಾಮಾತ್ಸು ತರಹದ ಕೆಲವರೇ. ಹಾಗಾಗಿ ಇನ್ಫ್ರಾರೆಡ್ ಮಷಿನ್ ಅಂದ ಕೂಡಲೇ ಬೆಲೆ ಜಿಗಿಯುತ್ತದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಕೊಡುವ ಗುರುತು) ಬಂತಲ್ಲ, ಆ ಹೆಸರಲ್ಲಿ ಪ್ಯಾಕೆಟ್ ಮಾಡಿ ಮಾರಬೇಕು ಅಂದರೆ ಒಂದು ಕಲ್ಲು ಸಿಕ್ಕರೂ ಮರ್ಯಾದೆ ಹೋಯಿತು. ಫಟಕಾ (ಮೇಲ್ದರ್ಜೆ ಬೇಳೆ) ಮಾಡುವವರು ಇನ್ಫ್ರಾರೆಡ್ ಹಾಕಿಸಲೇಬೇಕು. ಚುನ್ನಿ (ಸಿಪ್ಪೆ, ಚೂರು) ದನಕ್ಕೆ ಹೋಗುತ್ತದೆ, ಅದಕ್ಕೆ ಯಾರೂ ಕೇಳುವುದಿಲ್ಲ.

ಕ್ಯೂರಿಂಗ್_ಕಟ್ಟೆ
ಹಾಸನದಿಂದ. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಸುಲಿದು ವಿಂಗಡಿಸುವ ಕಡೆ) 20 ವರ್ಷ ಲೆಕ್ಕ ಬರೆದಿದ್ದೇನೆ. ಎಲ್ಲರೂ ಮಷಿನ್‌ಗೆ ಮಷಿನ್ ಪೈಪೋಟಿ ಅಂತ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಮೊದಲ ಪೈಪೋಟಿ ಮಷಿನ್‌ಗೂ ಕೈಗೂ ಇತ್ತು. ಗಾರ್ಬ್ಲಿಂಗ್ ಅಂತ ಕೇಳಿದ್ದೀರಾ? ಉದ್ದ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡೆದ ಬೀಜ, ಕಡ್ಡಿ ಆರಿಸುತ್ತಿದ್ದರು. ನಾನು ಸೇರಿದಾಗ ಸೀಸನ್‌ನಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ, ಅಷ್ಟು ಜನ. ಮೊದಲನೇ ಸಾರ್ಟರ್ ಬಂದಾಗ ಅದನ್ನು ನೋಡಲು ಅವರೇ ಮುತ್ತಿಕೊಂಡರು. ಒಬ್ಬಾಕೆ, ನಮ್ಮೂರ ಕಡೆಯವಳೇ, ರಿಜೆಕ್ಟ್ ಚೀಲಕ್ಕೆ ಕೈ ಹಾಕಿ ಹಿಡಿ ಬೀಜ ತೆಗೆದು, ಸಾರ್ ಇದರಲ್ಲಿ ಅರ್ಧ ಒಳ್ಳೇದೇ ಇದೆ ಅಂದಳು. ಹೌದಾಗಿತ್ತು. ಮಾಲೀಕರು ಅವಳನ್ನೇ ರಿಜೆಕ್ಟ್ ಆರಿಸಲು ಹಾಕಿದರು. ಮಷಿನ್ ಎಸೆದದ್ದನ್ನು ಮತ್ತೆ ಕೈಯಲ್ಲಿ ಆರಿಸುವುದು. ಆಮೇಲೆ ಬಂದ ಮಷಿನ್‌ನಲ್ಲಿ ರಿಜೆಕ್ಟನ್ನು ಎರಡನೇ ಸಲ ಹಾಯಿಸುವ ಚ್ಯೂಟ್ ಇತ್ತು. ಆ ಕೆಲಸವೂ ಹೋಯಿತು.

ಈಗ ಬಿಬಿಬಿ ಅಂತ ಕೊನೇ ಗ್ರೇಡ್ ಇದೆಯಲ್ಲ, ಕಪ್ಪು, ಕಂದು, ಚೂರು, ಅದು ಎಷ್ಟು ಬರುತ್ತದೆ ಅನ್ನುವುದರ ಮೇಲೇ ನಮ್ಮಲ್ಲಿ ಮಷಿನ್ ಅಳೆಯುತ್ತಾರೆ. ಬೆಳೆಗಾರ ಬಂದು ಕೂತು ಕೇಳುತ್ತಾನೆ, ನನ್ನ ಬಿಬಿಬಿ ಇಷ್ಟು ಯಾಕೆ ಬಂತು ಅಂತ. ಅವನಿಗೆ ಸಾರ್ಟರ್ ಕಂಪನಿ ಯಾವುದು ಅಂತ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬೈಗುಳ ಮಾತ್ರ ನಮಗೆ.

ಲೆಕ್ಕದ_ಮೇಷ್ಟ್ರು
ಆ ಹೆಂಗಸು ಹೇಳಿದ್ದು ಇಡೀ ಧಂದೆಯ ಗುಟ್ಟು. ಲೆಕ್ಕಕ್ಕೆ ಅಂತ ಹಿಡಿಯಿರಿ, ಗಂಟೆಗೆ 5 ಟನ್, ಅದರಲ್ಲಿ 2% ರಿಜೆಕ್ಟ್, ಅಂದರೆ 100 ಕೆಜಿ. ಅದರಲ್ಲಿ ಅರ್ಧ ಒಳ್ಳೆ ಅಕ್ಕಿ ಅಂದರೆ 50 ಕೆಜಿ. ಒಳ್ಳೆ ಅಕ್ಕಿಗೂ ರಿಜೆಕ್ಟ್‌ಗೂ ಕೆಜಿಗೆ 20 ರೂಪಾಯಿ ವ್ಯತ್ಯಾಸ ಇದ್ದರೆ ಗಂಟೆಗೆ ಸಾವಿರ ರೂಪಾಯಿ ಗಾಳಿಯಲ್ಲಿ ಹೋಯಿತು. ದಿನಕ್ಕೆ 12 ಗಂಟೆ, ವರ್ಷಕ್ಕೆ 200 ದಿನ ಓಡಿಸಿದರೆ 24 ಲಕ್ಷ. ದುಬಾರಿ ಮಷಿನ್ ಮಾರುವವರು ಇದೇ ಲೆಕ್ಕ ತೋರಿಸಿಯೇ ಮಾರುತ್ತಾರೆ, ಮತ್ತು ಲೆಕ್ಕ ತಪ್ಪಲ್ಲ. ಆದರೆ ಸರ್ಕಾರದ ಭತ್ತ ಗಿರಣಿ ಮಾಡಿ ಅಕ್ಕಿ ವಾಪಸ್ ಕೊಡುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ 100 ಕ್ವಿಂಟಲ್ ಭತ್ತಕ್ಕೆ 67 ಕ್ವಿಂಟಲ್ ರಾ (ಕುದಿಸದ) ಅಕ್ಕಿ ಕೊಡಬೇಕು. ನುಚ್ಚು 25% ತನಕ ಬಿಡುತ್ತಾ ಬಂದಿದ್ದಾರೆ. ಬಣ್ಣ ಒಂಚೂರು ಹೆಚ್ಚು ಕಮ್ಮಿ ಇದ್ದರೂ ಮಿತಿಯೊಳಗಿದ್ದರೆ ಸಾಕು. ಅಂಥವರು ಅಗ್ಗದ ಮಷಿನ್ ತೆಗೆದುಕೊಂಡರೆ ದಡ್ಡರಲ್ಲ.

ಗಂಗಾವತಿ_ಗಿರಣಿ
ನಮ್ಮದು ಬಹುಪಾಲು ಓಪನ್ ಮಾರ್ಕೆಟ್. 2023ರ ಜುಲೈನಲ್ಲಿ ಬಿಳಿ ಅಕ್ಕಿ ರಫ್ತು ನಿಲ್ಲಿಸಿದಾಗ ನಮ್ಮ ಹತ್ತಿರದ ಒಂದು ದೊಡ್ಡ ಮಿಲ್‌ನವರು ಹೊಸ ಸಾರ್ಟರ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಕೇಳಿದ್ದು ನೆನಪಿದೆ. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದ ಮೇಲೆ ಅವರೇ ಎರಡು ತೆಗೆದುಕೊಂಡರು. ಇದೂ ಒಂದು ನೋಡಿ, ಮಷಿನ್ ಕಂಪನಿಯ ವ್ಯಾಪಾರ ದೆಹಲಿಯ ಒಂದು ಆದೇಶದ ಮೇಲೆ ನಿಂತಿರುತ್ತದೆ.

ಇನ್ನೊಂದು ಪ್ರಶ್ನೆ. ಯುರೋಪಿನವರು ಸಾರ್ಟರ್ ಮಾತ್ರ ಬೇಡ, ಪಾಲಿಷರ್, ಗ್ರೇಡರ್ ಎಲ್ಲ ನಮ್ಮಲ್ಲೇ ತೆಗೆದುಕೊಳ್ಳಿ, ಸಾರ್ಟರ್ ಮೇಲೆ ಒಳ್ಳೆ ರೇಟು ಕೊಡುತ್ತೇವೆ ಅನ್ನುತ್ತಿದ್ದಾರೆ. ಆಸೆ ಆಗುತ್ತಿದೆ.

ಸ್ಪ್ಯಾನರ್_ಸಾಬ್
ಇದೇ ನೋಡಿ ಅಸಲಿ ಆಟ. ಸಾರ್ಟರ್ ಒಂದನ್ನೇ ಮಾಡುವ ಕಂಪನಿಗಳು ಒಂದೊಂದಾಗಿ ದೊಡ್ಡವರ ಮನೆ ಸೇರುತ್ತಿವೆ. ಸಾರ್ಟೆಕ್ಸ್ ಬ್ಯೂಲರ್‌ಗೆ ಹೋದದ್ದು ಹೇಳಿದೆ. ಬ್ಯೂಲರ್ ಮೂಲತಃ ಹಿಟ್ಟಿನ ಗಿರಣಿ ಕಟ್ಟುವವರು, 1860ರ ಎರಕದ ಕಾರ್ಖಾನೆ. ನಮ್ಮ ಬೆಂಗಳೂರು ಪಕ್ಕದ ಅತ್ತಿಬೆಲೆಯಲ್ಲೇ ಅವರ ದೊಡ್ಡ ಕಾರ್ಖಾನೆ ಇದೆ. ಜಪಾನಿನ ಸಟಾಕೆ 1896ರಿಂದ ಅಕ್ಕಿ ಮಷಿನ್ ಮಾಡುತ್ತಿದೆ, ಅವರದ್ದು ಭತ್ತದಿಂದ ಸಾರ್ಟರ್ ತನಕ ಎಲ್ಲ ಇದೆ. ಬೆಂಗಳೂರಿನ ಮಿಲ್‌ಟೆಕ್ ಗೊತ್ತಲ್ಲ, ರೈಸ್ ಮಿಲ್ ಮಷಿನ್‌ನವರು, 2019ರಲ್ಲಿ ಕೆನಡಾದ ಎಜಿಐ ಅದನ್ನು ಕೊಂಡಿತು. ಅಮೆರಿಕದ ಕೀ ಟೆಕ್ನಾಲಜಿಯನ್ನು 2018ರಲ್ಲಿ ಡ್ಯುರಾವಂಟ್ ಕೊಂಡಿತು. ಯಾಕೆ ಕೊಳ್ಳುತ್ತಾರೆ? ಇಡೀ ಮಿಲ್ ಒಬ್ಬರೇ ಕಟ್ಟಿದರೆ ಮುಂದೆ 15 ವರ್ಷ ಜರಡಿಯಿಂದ ಹಿಡಿದು ಬೆಲ್ಟ್ ತನಕ ಅವರ ಹತ್ತಿರವೇ ಹೋಗಬೇಕು.

ಅದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸ ಮಿಲ್ ಕಟ್ಟುವವನಿಗೆ ಒಳ್ಳೆಯದೇ. ಏನಾದರೂ ಆದರೆ ಒಬ್ಬರನ್ನೇ ಹಿಡಿಯಬಹುದು, ಪಾಲಿಷರ್‌ನವನು ಸಾರ್ಟರ್‌ನವನ ಮೇಲೆ ಹಾಕಿ, ಸಾರ್ಟರ್‌ನವನು ಗಾಳಿ ಕೊಡುವ ಕಂಪ್ರೆಸರ್‌ನವನ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದರೆ ನಿಮ್ಮದು ಹಳೇ ಮಿಲ್. ನಿಮ್ಮ ಪಾಲಿಷರ್ ಚೆನ್ನಾಗಿ ಓಡುತ್ತಿದ್ದರೆ ಸಾರ್ಟರ್ ರೇಟಿನ ಆಸೆಗೆ ಅದನ್ನು ಯಾಕೆ ಬಿಚ್ಚುತ್ತೀರಿ?

ರದ್ದಿ_ರಂಗ
ನಾನು ಅಕ್ಕಿಯವನಲ್ಲ, ಬೆಂಗಳೂರಲ್ಲಿ ಪ್ಲಾಸ್ಟಿಕ್ ರದ್ದಿ. ನಾಯಂಡಹಳ್ಳಿ ಕಡೆ. ನಮ್ಮಲ್ಲೂ ಇದೇ ಮಷಿನ್ ಬಂದಿದೆ ಅಂತ ಹೇಳಲು ಬಂದೆ. ಪುಡಿ ಮಾಡಿದ ಬಾಟಲ್ ಚೂರನ್ನು ಅಕ್ಕಿ ಹಾಗೇ ಚ್ಯೂಟ್ ಮೇಲೆ ಬಿಟ್ಟು ಬಣ್ಣದ ಚೂರು ಊದಿ ತೆಗೆಯುತ್ತಾರೆ. ಒಬ್ಬರು ಅಕ್ಕಿ ಮಷಿನ್‌ನೇ ಹಳೇದು ತಂದು ಸೆಟ್ಟಿಂಗ್ ಬದಲಿಸಿ ಓಡಿಸುತ್ತಿದ್ದಾರೆ!

ನಾರ್ವೆಯ ಟೊಮ್ರಾ ಕಥೆ ಇನ್ನೂ ಮಜವಾಗಿದೆ. 1972ರಲ್ಲಿ ಅಣ್ಣತಮ್ಮ ಇಬ್ಬರು ಅಂಗಡಿಯಲ್ಲಿ ಖಾಲಿ ಬಾಟಲ್ ವಾಪಸ್ ತೆಗೆದುಕೊಳ್ಳುವ ಮಷಿನ್ ಮಾಡಿದರು. ಅಲ್ಲಿಂದ 2004ರಲ್ಲಿ ಕಸ ಬೇರ್ಪಡಿಸುವ ಟೈಟೆಕ್ ಕೊಂಡರು, 2011ರಲ್ಲಿ ಐರ್ಲೆಂಡಿನ ಓಡೆನ್‌ಬರ್ಗ್, 2012ರಲ್ಲಿ ಬೆಲ್ಜಿಯಂನ ಬೆಸ್ಟ್, ಆಮೇಲೆ ನ್ಯೂಜಿಲೆಂಡಿನ ಹಣ್ಣು ವಿಂಗಡಿಸುವ ಕಾಂಪ್ಯಾಕ್. ಬಾಟಲಿಯಿಂದ ಶುರುವಾಗಿ ಆಲೂಗಡ್ಡೆ, ಸೇಬು, ಗಣಿಯ ಅದಿರು ತನಕ. ಎಲ್ಲದರಲ್ಲೂ ಕೆಲಸ ಒಂದೇ, ನೋಡು, ಬೇಡದ್ದನ್ನು ಆಚೆ ತಳ್ಳು.

ನಮ್ಮ ಹುಡುಗಿಯರು ಪ್ಲಾಸ್ಟಿಕ್ ಚೂರು ಬೆರಳಲ್ಲಿ ಮುರಿದು, ಸದ್ದು ಕೇಳಿಯೇ ಇದು ಯಾವುದು ಅಂತ ಹೇಳುತ್ತಾರೆ. ಇನ್ಫ್ರಾರೆಡ್ ಮಷಿನ್‌ಗೆ ಕಪ್ಪು ಪ್ಲಾಸ್ಟಿಕ್ ಕಾಣುವುದೇ ಇಲ್ಲ, ಅದರಲ್ಲಿನ ಮಸಿ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಹಾಗಾಗಿ ಕಪ್ಪು ಇನ್ನೂ ಕೈಗೇ ಬರುತ್ತದೆ.

ಕಾರ್ಕಳ_ಬೀಜ
ಗೇರುಬೀಜದವರು ಯಾರೂ ಇಲ್ಲವಾ ಇಲ್ಲಿ? ನಮ್ಮಲ್ಲಿ ವಿಯೆಟ್ನಾಂನವರು ಸುಲಿಯುವುದರಿಂದ ವಿಂಗಡಿಸುವ ತನಕ ಮಷಿನ್ ಮಾಡಿಕೊಂಡು ಮುಂದೆ ಹೋದರು, ನಾವು ಕೈ ಕೆಲಸ ನೆಚ್ಚಿಕೊಂಡು ಕೂತೆವು. ಈಗ ಅವರ ಹಿಂದೆ ಓಡುತ್ತಿದ್ದೇವೆ. ಗೋಡಂಬಿಯಲ್ಲಿ ತೊಂದರೆ ಏನೆಂದರೆ ಬಣ್ಣ ಒಂದೇ ಅಲ್ಲ, ಸೈಜೂ ಬೇಕು. ಡಬ್ಲ್ಯೂ 240 ಸೈಜ್ ಬೇರೆ, 320 ಬೇರೆ, ಸುಟ್ಟದ್ದು ಬೇರೆ, ಸಿಪ್ಪೆ ಅಂಟಿದ್ದು ಬೇರೆ. ಮಷಿನ್ ಒಂದು ಕಡೆ ಗಾಳಿ ಹೊಡೆದರೆ ಬೀಜ ಇಬ್ಭಾಗ ಆಗುತ್ತದೆ, ಇಡೀ ಬೀಜದ ರೇಟು ಅಲ್ಲೇ ಹೋಯಿತು. ಸಣ್ಣವರಿಗೆ ಒಂದು ಮಾತು, ಪಿಎಂಎಫ್‌ಎಂಇಯಲ್ಲಿ (ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಯೋಜನೆ) 35% ಸಹಾಯಧನ ಕೊಡುತ್ತಾ ಬಂದಿದ್ದಾರೆ, 10 ಲಕ್ಷದ ತನಕ. ಕೊಟೇಷನ್ ಯಾರದಾದರೂ ಆಗಲಿ ಅದನ್ನು ಕೇಳಿ ನೋಡಿ.

ಪಿಕ್ಸೆಲ್_ಪುಟ್ಟ
ಕೊಯಮತ್ತೂರಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ.

ದಾವಣಗೆರೆ_ಡೀಲರ್
ನನ್ನ ಎದುರಾಳಿಗಳು, ಆದರೂ ಹೇಳುತ್ತೇನೆ. ಆ ಊರಿಗೆ ಮಷಿನ್ ಹೊಸದಲ್ಲ. ಮೊದಲು ನೂಲಿನ ಗಿರಣಿ, ಅದಕ್ಕೆ ಬಿಡಿಭಾಗ, ಆಮೇಲೆ ಪಂಪು, ಮೋಟರ್. ಎಲ್ಗಿ ಕಂಪ್ರೆಸರ್ ಅಲ್ಲಿಯದೇ. ಫೌಂಡ್ರಿ, ಲೇತ್, ಎಂಜಿನಿಯರಿಂಗ್ ಕಾಲೇಜು ಎಲ್ಲ ಕೈಗೆಟುಕುವ ದೂರದಲ್ಲಿವೆ. ಜೆನ್, ಆರೆಂಜ್ ತರಹದ ಸಾರ್ಟರ್ ಕಂಪನಿಗಳು ಅಲ್ಲಿ ಎದ್ದದ್ದು ಸುಮ್ನೆ ಅಲ್ಲ. ಹೆಫೆಯ ಸಣ್ಣ ತಮ್ಮ ಅನ್ನಬಹುದು. ಅವರಿಗೆ ಇರುವ ದೊಡ್ಡ ಅನುಕೂಲ ಅಂದರೆ ಮಷಿನ್ ಮಾಡಿದವನೇ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ನಿಮ್ಮ ಮಿಲ್‌ಗೆ ಬರಬಹುದು. ತೊಂದರೆ ಏನೆಂದರೆ ಸೆನ್ಸರ್, ಚಿಪ್ ಹೊರಗಿನಿಂದಲೇ ಬರಬೇಕು, ಹೆಫೆಯವರ ಹಾಗೆ ಸಾವಿರಗಟ್ಟಲೆ ಮಾಡುವುದಿಲ್ಲವಾದ್ದರಿಂದ ಅವರಷ್ಟು ಅಗ್ಗ ಮಾಡುವುದು ಕಷ್ಟ.

ಸಿಂಧನೂರು_ಸ್ಟೀಮ್
ಪಾಸ್‌ವರ್ಡ್ ವಿಷಯ ಕೇಳಿದ್ದೀರಾ ಅಣ್ಣ? ನಮ್ಮ ಮಷಿನ್ (ಯಾರದು ಅಂತ ಹೇಳಲ್ಲ) ಒಳಗಿನ ಸೆಟ್ಟಿಂಗ್‌ಗೆ ಕಂಪನಿಯವರ ಪಾಸ್‌ವರ್ಡ್ ಬೇಕು. ಸ್ಟೀಮ್‌ನಿಂದ ರಾ ಅಕ್ಕಿಗೆ ಬದಲಿಸಿದಾಗ ಒಂದು ಹೊಸ ಮೋಡ್ ಬೇಕಾಯಿತು. ಎಂಜಿನಿಯರ್ ಬಂದು, ಎರಡು ನಿಮಿಷ ಒತ್ತಿ, ವಿಸಿಟ್ ಚಾರ್ಜ್ ಬಿಲ್ ಕೊಟ್ಟು ಹೋದ. ನಮ್ಮ ಆಪರೇಟರ್ ಪಕ್ಕದಲ್ಲೇ ನಿಂತಿದ್ದ, ಬೆರಳು ನೋಡಲು ಪ್ರಯತ್ನಪಟ್ಟ, ಅವನು ಕೈ ಅಡ್ಡ ಇಟ್ಟುಕೊಂಡಿದ್ದ, ಎಟಿಎಂನಲ್ಲಿ ಇಟ್ಟುಕೊಂಡ ಹಾಗೆ.

ಸ್ಪ್ಯಾನರ್_ಸಾಬ್
ಹ್ಹಹ್ಹ. ನಾನೂ ಕೈ ಅಡ್ಡ ಇಟ್ಟವನೇ, ಕಂಪನಿಯಲ್ಲಿದ್ದಾಗ. ಈಗ ಹೊಸ ಮಷಿನ್‌ಗಳಲ್ಲಿ ಅದೂ ಬೇಕಿಲ್ಲ, ಇಂಟರ್ನೆಟ್‌ಗೆ ಕಟ್ಟಿರುತ್ತಾರೆ, ದೂರದಲ್ಲಿ ಕೂತೇ ಬದಲಿಸುತ್ತಾರೆ. ಅನುಕೂಲವೂ ಹೌದು. ಆದರೆ ನಿಮ್ಮ ಮಿಲ್ ದಿನಕ್ಕೆ ಎಷ್ಟು ಗಂಟೆ ಓಡಿತು, ಎಷ್ಟು ರಿಜೆಕ್ಟ್ ಬಂತು ಅನ್ನುವುದು ನಿಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಆ ಮಾಹಿತಿ ಯಾರದು ಅಂತ ಅಗ್ರಿಮೆಂಟ್‌ನಲ್ಲಿ ಓದಿ.

ಗಂಗಾವತಿ ಅಣ್ಣ, ಡೆಮೊಗೆ ಹೋಗುವಾಗ ನಿಮ್ಮ ಅತ್ಯಂತ ಕೆಟ್ಟ ಅಕ್ಕಿ ತೆಗೆದುಕೊಂಡು ಹೋಗಿ. ಅವರ ಸ್ಯಾಂಪಲ್ ನೋಡಬೇಡಿ. ಮತ್ತೆ ಗಂಟೆಗೆ ಎಷ್ಟು ಬಿಡುತ್ತಿದ್ದಾರೆ ಅಂತ ತಕ್ಕಡಿ ಹಿಡಿದು ನೋಡಿ.

ಗಂಗಾವತಿ_ಗಿರಣಿ (ಮೂರು ವಾರದ ನಂತರ)
ತಡವಾಯಿತು, ಕ್ಷಮಿಸಿ. ಮೂರೂ ಕಡೆ ಹೋಗಿ ಬಂದೆವು. ಪ್ರತಿ ಕಡೆಗೂ 8 ಚೀಲ, ಅದರಲ್ಲಿ ಎರಡು ಮಳೆಗೆ ನೆನೆದ ಭತ್ತದ ಅಕ್ಕಿ, ಹಳದಿ ಕಾಳು ತುಂಬಿದ್ದು. ಒಂದು ಕಡೆ ಅಕ್ಕಿ ಮಲ್ಲಿಗೆ ಹಾಗೆ ಬಂತು, ತಮ್ಮ ಕುಣಿದುಬಿಟ್ಟ. ತಕ್ಕಡಿ ಹಾಕಿದರೆ ಗಂಟೆಗೆ 2 ಟನ್ ಲೆಕ್ಕದಲ್ಲಿ ಬಿಡುತ್ತಿದ್ದರು. 5 ಟನ್‌ಗೆ ಏರಿಸಿ ಅಂದೆ. ಏರಿಸಿದರು, ರಿಜೆಕ್ಟ್‌ಗೆ ಕೈ ಹಾಕಿದೆ, ಹಾಸನದ ಸರ್ ಹೇಳಿದ ಹೆಂಗಸು ನೆನಪಾದಳು. ಅರ್ಧಕ್ಕೂ ಜಾಸ್ತಿ ಒಳ್ಳೇದು. ಇನ್ನೊಂದು ಕಡೆ ಅಕ್ಕಿ ಅಷ್ಟು ಬೆಳ್ಳಗೆ ಬರಲಿಲ್ಲ, ಆದರೆ ಪೂರ್ತಿ ಲೋಡ್‌ನಲ್ಲೂ ರಿಜೆಕ್ಟ್ ಕಡಿಮೆ. ಯಾರದು ಯಾವುದು ಅಂತ ಇಲ್ಲಿ ಬರೆಯಲ್ಲ, ಕೇಳಬೇಡಿ.

ಕಲಬುರಗಿ ಅಣ್ಣನ ಮಾತಿನಂತೆ ಬೈಕ್ ಮೇಲೆ ಸುತ್ತಿ ಎಣಿಸಿದೆ. 17 ಮಿಲ್ ನೋಡಿದೆ, ನಾಲ್ಕು ಕಂಪನಿ. ಅಪ್ಪ ಹೇಳುತ್ತಿದ್ದ ಹಳೇ ಕಂಪನಿಯದು ಎರಡೇ ಉಳಿದಿವೆ, ಅದರಲ್ಲಿ ಒಂದು ನಮ್ಮದು. ಅಪ್ಪನಿಗೆ ಹೇಳಿದೆ, ಸುಮ್ಮನೆ ಎದ್ದು ಹೋದರು, ರಾತ್ರಿ ಊಟಕ್ಕೆ ಕೂತಾಗ ನಿಮ್ಮಿಷ್ಟ ಅಂದರು.

ನಾನು ಮೂವರಿಗೂ ಮೂರು ಷರತ್ತು ಬರೆದು ಕಳಿಸಿದ್ದೇನೆ. ವಾಲ್ವ್ ಮತ್ತು ಬೋರ್ಡ್ ಬೆಲೆ 5 ವರ್ಷಕ್ಕೆ ಈಗಲೇ ಬರೆದುಕೊಡಬೇಕು. ಪಾಸ್‌ವರ್ಡ್ ನಮ್ಮ ಕೈಗೆ ಬೇಕು. ಸೀಸನ್‌ನಲ್ಲಿ 24 ಗಂಟೆಯೊಳಗೆ ಜನ ಬರದಿದ್ದರೆ ದಿನಕ್ಕೆ ಇಷ್ಟು ಅಂತ ಕಡಿತ. ಒಬ್ಬರು ಮೊದಲನೆಯದು, ಮೂರನೆಯದು ಒಪ್ಪಿದ್ದಾರೆ, ಪಾಸ್‌ವರ್ಡ್ ಮಾತ್ರ ಆಗಲ್ಲವಂತೆ. ಇನ್ನೊಬ್ಬರು ಪಾಸ್‌ವರ್ಡ್ ಕೊಡುತ್ತೇವೆ, ಬೆಲೆ ಬರೆದುಕೊಡಲ್ಲ ಅಂದರು. ಮೂರನೆಯವರಿಂದ ಉತ್ತರವೇ ಇಲ್ಲ.

ಸಿಂಧನೂರು_ಸ್ಟೀಮ್
ಪಾಸ್‌ವರ್ಡ್ ಬಿಡಿ ಅಣ್ಣ, ಮೊದಲನೆಯವರನ್ನು ಹಿಡಿಯಿರಿ. ವಿಸಿಟ್ ಚಾರ್ಜ್ ಇಲ್ಲದೆ ವರ್ಷಕ್ಕೆ ನಾಲ್ಕು ಸಲ ಮೋಡ್ ಬದಲಿಸಿಕೊಡಬೇಕು ಅಂತ ಸೇರಿಸಿ.

ಗಂಗಾವತಿ_ಗಿರಣಿ
ಇದು ಚೆನ್ನಾಗಿದೆ, ಸೇರಿಸುತ್ತೇನೆ. ಕೊನೇ ಪ್ರಶ್ನೆ. ನಮ್ಮ 20 ಎಚ್‌ಪಿ ಕಂಪ್ರೆಸರ್ ಹಳೇದೇ ಇಟ್ಟುಕೊಂಡರೆ ನಡೆಯುತ್ತಾ? ಇಬ್ಬರು ಹೊಸದು ಬೇಕೇ ಬೇಕು ಅನ್ನುತ್ತಿದ್ದಾರೆ.

ಸ್ಪ್ಯಾನರ್_ಸಾಬ್
ಟ್ಯಾಂಕಿನ ಕೆಳಗಿನ ಡ್ರೇನ್ ತೆರೆದು ಬಿಳಿ ಬಟ್ಟೆ ಹಿಡಿಯಿರಿ. ನೀರು ಬಂದರೆ ಗಾಳಿ ಒಣಗಿಸುವ ಡ್ರೈಯರ್ ನೋಡಿಸಿ. ಎಣ್ಣೆ ಜಿಡ್ಡು ಬಂದರೆ ಫೋಟೊ ತೆಗೆದು ಇಲ್ಲೇ ಹಾಕಿ, ಹೇಳುತ್ತೇನೆ.